ಇಲ್ಲದ ಹಳಿಯ ಇನ್‌ಸ್ಪೆಕ್ಷನ್

ರೈಲು ಓಡಿದ ಹಾದಿ ಅಂದಮೇಲೆ ಸಪಾಟಾಗಿಯೇ ಇರಬೇಕು, ರೈಲಿಗೇನು ಮೆಟ್ಟಿಲು ಹತ್ತಲು ಬರುತ್ತದೆಯೇ? ಇದು ನನ್ನ ಹೆಂಡತಿಯ ವಾದ. ವಾದದಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ. ಆದರೆ ಹೆಬ್ಬೆರಳಿಗೆ ಹೊಕ್ಕ ಮುಳ್ಳು ಹೊರಗೆ ಬಂದಿಲ್ಲ, ಕಾರಿನ ಮ್ಯಾಟಿನ ಮೇಲೆ ಕೆಸರು ಒಣಗಿ ಕೂತಿದೆ. ಎರಡಕ್ಕೂ ಕಾರಣರಾದ ನಮ್ಮ ಮಾವ ಒಳಗೆ ಕಾಫಿ ಹೀರುತ್ತಾ, “ಈ ಸಲ ಟೇಪು ತಗೊಂಡು ಹೋಗೋಣ” ಎನ್ನುತ್ತಿದ್ದಾರೆ.

ನಾವಿರುವುದು ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ. ಮೇ ತಿಂಗಳು ಬಂತೆಂದರೆ ಇಲ್ಲಿನ ಕನ್ನಡದವರ ಮನೆಗಳಿಗೆಲ್ಲ ಊರಿಂದ ಹಿರಿಯರು ಬಂದಿಳಿಯುತ್ತಾರೆ. ಮೊದಲು ಸ್ಪೇಸ್ ನೀಡಲ್ ಗೋಪುರ, ಆಮೇಲೆ ಸ್ನೊಕ್ವಾಲ್ಮಿ ಜಲಪಾತ, ಆಮೇಲೆ ಕಾಸ್ಟ್‌ಕೊ ಎಂಬ ದೈತ್ಯ ಅಂಗಡಿ. (ಕಾಸ್ಟ್‌ಕೊ ಜಲಪಾತಕ್ಕಿಂತ ಚೆನ್ನಾಗಿ ಓಡುತ್ತದೆ, ಅದು ಬೇರೆ ಮಾತು.) ಅಲ್ಲಿಗೆ ನಮ್ಮ ಸರಕು ಮುಗಿಯುತ್ತದೆ. ವಾಪಸ್ ಟಿಕೆಟ್ ಇರುವುದು ಮಾತ್ರ ಅಕ್ಟೋಬರ್‌ಗೆ. ಹೀಗೆ ದಾರಿಗಾಣದೆ ಕೂತಿದ್ದಾಗ ಹೆಂಡತಿ ಫೋನಿನಲ್ಲಿ ಹುಡುಕಿ ತೆಗೆದದ್ದು ಕೋಲ್ ಕ್ರೀಕ್ ಹಾದಿ. “ಅಪ್ಪಂಗೆ ರೈಲ್ವೆ ಅಂದ್ರೆ ಪ್ರಾಣ. ಕರ್ಕೊಂಡ್ ಹೋಗ್ಬನ್ನಿ” ಎಂದವಳು ತಾನು ಮನೆಯಲ್ಲೇ ಉಳಿದಳು. ಅವಳು ಆ ಪ್ರಾಣದ ಜೊತೆ ಇಪ್ಪತ್ತೈದು ವರ್ಷ ಬೆಳೆದವಳು.

ಹಳ್ಳದ ಪಕ್ಕದಲ್ಲೇ ಸಾಗುವ ದಾರಿ. ಒಂದು ಕಾಲಕ್ಕೆ ಇಲ್ಲಿ ಕಲ್ಲಿದ್ದಲು ಹೊತ್ತ ರೈಲು ಓಡುತ್ತಿತ್ತು. 1863ರಿಂದ 1963ರವರೆಗೆ, ಅಂದರೆ ನೂರು ವರ್ಷ, ಈ ಗುಡ್ಡಗಳ ಹೊಟ್ಟೆ ಬಗೆದಿದ್ದಾರೆ. ಈಗ ಗಣಿಯೂ ಇಲ್ಲ, ಹಳಿಯೂ ಇಲ್ಲ. ಪಾರ್ಕು ಅಂತ ಹೆಸರು, ಆದರೆ ಲಾಲ್‌ಬಾಗ್ ನೆನೆಸಿಕೊಂಡು ಹೋದರೆ ಕೆಟ್ಟಿರಿ. ಕಾಡನ್ನು ಅದರ ಪಾಡಿಗೆ ಬಿಡುವುದೇ ಇಲ್ಲಿಯವರ ಪ್ರಕಾರ ಪಾರ್ಕು. ಮಣ್ಣು ಕುಸಿದಲ್ಲಿ ಕಾಲುದಾರಿ ರೈಲಿನ ಹಾದಿಯನ್ನು ಬಿಟ್ಟು ಗುಡ್ಡ ಹತ್ತುತ್ತದೆ, ಬೇರು ದಾಟುತ್ತದೆ, ಜಾರಿ ಹಳ್ಳಕ್ಕಿಳಿಯುತ್ತದೆ, ಮತ್ತೆ ಏನೂ ಆಗಿಲ್ಲವೆಂಬಂತೆ ಸಪಾಟು ಹಾದಿಗೆ ಬಂದು ಸೇರುತ್ತದೆ. ಹೋಗಲು ಸುಮಾರು 3 ಮೈಲಿ. ಒಂದೂವರೆ ಗಂಟೆಯಲ್ಲಿ ಮುಗಿಸಿ ಮಧ್ಯಾಹ್ನ ಕ್ರಿಕೆಟ್ ನೋಡುವುದು ನನ್ನ ಲೆಕ್ಕವಾಗಿತ್ತು.

ನಮ್ಮ ಮಾವ ರೈಲ್ವೆಯಲ್ಲಿ ಪಿಡಬ್ಲ್ಯುಐ ಆಗಿದ್ದವರು. ಗೊತ್ತಿಲ್ಲದವರಿಗೆ: ಪರ್ಮನೆಂಟ್ ವೇ ಇನ್‌ಸ್ಪೆಕ್ಟರ್. ಹಳಿ, ಸ್ಲೀಪರು, ಜಲ್ಲಿ, ಮೋರಿ, ಇಳಿಜಾರು ಎಲ್ಲ ಇವರ ಜವಾಬ್ದಾರಿ. ಟ್ರಾಲಿಯ ಮೇಲೆ ಕೂತು ಗ್ಯಾಂಗ್‌ಮನ್‌ಗಳನ್ನು ಗದರುತ್ತಾ ಸರ್ವೀಸು ಮುಗಿಸಿದವರು. ಕಾರಿನಿಂದಿಳಿಯುವಾಗ ಮಂಡಿ ನೋವು ಎಂದವರು, ಇದು ರೈಲಿನ ಹಾದಿ ಎಂದು ನಾನು ಹೇಳಿದ್ದೇ ತಡ, ಮಂಕಿ ಕ್ಯಾಪ್ ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿದರು. ಊರುಗೋಲು ಅಳತೆ ಕೋಲಾಯಿತು. ನನ್ನ ಬಡ್ತಿಯೂ ಆಗ ಗೊತ್ತಾಯಿತು, ನಾನು ಟ್ರಾಲಿಮನ್.

“ಕ್ಯಾಚ್ ವಾಟರ್ ಡ್ರೇನ್ ಎಲ್ಲಿದೆ?” ಮೊದಲ ಪ್ರಶ್ನೆ. ಗುಡ್ಡದ ನೀರು ಹಾದಿಗೆ ನುಗ್ಗದಂತೆ ಮೇಲ್ಗಡೆ ತೋಡುವ ಚರಂಡಿಯಂತೆ. ನನಗೇನು ಗೊತ್ತು? ನಾನು ಕ್ಲೌಡ್ ಕಂಪನಿಯಲ್ಲಿದ್ದೇನೆ, ನೀರು ಮೇಲಿರುವ ತನಕವಷ್ಟೇ ನನ್ನ ವ್ಯವಹಾರ. ಇಪ್ಪತ್ತು ಹೆಜ್ಜೆ ನಡೆದು, “ಕಟಿಂಗ್ ಸ್ಲೋಪು ಸಾಲದು.” ಮತ್ತೆ ಇಪ್ಪತ್ತು ಹೆಜ್ಜೆ, “ಬ್ಯಾಲಾಸ್ಟೇ ಇಲ್ವಲ್ರೀ!” ಹಳಿಯೇ ಇಲ್ಲ ಮಾವ ಎಂದೆ. “ಹಳಿ ಆಮೇಲೆ, ಮೊದಲು ಜಲ್ಲಿ” ಎಂದು ಮುಂದೆ ಹೋದರು. ಅಳಿಯನಾದವನು ಸಿಟ್ಟು ಬಂದರೆ ನಗಬೇಕು. ಆ ಬೆಳಗ್ಗೆ ನಾನು ನಕ್ಕಷ್ಟು ಮದುವೆಯ ಆರತಕ್ಷತೆಯಲ್ಲೂ ನಕ್ಕಿಲ್ಲ.

ಎಲ್ಲ ಒಂದು ತೂಕವಾದರೆ ಆ ತಿರುವಿನಲ್ಲಿ ನಡೆದದ್ದೇ ಒಂದು ತೂಕ. ಹಳಿ ನೇರವಾಗಿದೆಯೋ ಇಲ್ಲವೋ ನೋಡಲು ರೈಲ್ವೆಯವರು ಬಗ್ಗಿ, ಹಳಿಯ ಮಟ್ಟಕ್ಕೆ ಕಣ್ಣಿಟ್ಟು, ಉದ್ದಕ್ಕೂ ದೃಷ್ಟಿ ಹಾಯಿಸುತ್ತಾರೆ. ಮಾವ ಅದನ್ನೇ ಮಾಡಿದರು. ಹಳಿಯಿಲ್ಲದ್ದರಿಂದ ಮಟ್ಟ ಇನ್ನೂ ಕೆಳಗಿತ್ತು. ಮೊಣಕಾಲೂರಿ, ಅಂಗೈಯೂರಿ, ಕೆನ್ನೆಯನ್ನು ಹೆಚ್ಚುಕಡಿಮೆ ಕೆಸರಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿದರು. ಉಸಿರು ಬಿಗಿಹಿಡಿದರು. ಅಲ್ಲಾಡಲಿಲ್ಲ.

ಅದೇ ಹೊತ್ತಿಗೆ ತಿರುವಿನ ಆಚೆಯಿಂದ ಒಬ್ಬ ಹೆಂಗಸು, ಅವಳ ಮುಂದೆ ಕರುವಿನಷ್ಟು ದೊಡ್ಡ ನಾಯಿ. ಮುದುಕನೊಬ್ಬ ಮಕಾಡೆ ಬಿದ್ದಿದ್ದಾನೆ, ಪಕ್ಕದಲ್ಲಿ ಒಬ್ಬ ಗಂಡಸು ಸೊಂಟದ ಮೇಲೆ ಕೈಯಿಟ್ಟುಕೊಂಡು ನಗುತ್ತಾ ನಿಂತಿದ್ದಾನೆ. ಅವಳಿಗೆ ಕಂಡದ್ದು ಇಷ್ಟು. “ಓ ಮೈ ಗಾಡ್” ಎಂದು ಓಡಿ ಬಂದಳು. 911ಕ್ಕೆ ಫೋನ್ ಮಾಡಲೇ ಎಂದು ನನ್ನನ್ನು ಕೇಳಲಿಲ್ಲ, ಆಗಲೇ ಒತ್ತುತ್ತಿದ್ದಳು. ಬೇಡ ಬೇಡ, ಅವರು ಹಳಿ ಪರೀಕ್ಷೆ ಮಾಡುತ್ತಿದ್ದಾರೆ ಎಂದೆ.

“ಯಾವ ಹಳಿ?”

“ಇಲ್ಲಿ ಮುಂಚೆ ಇತ್ತಲ್ಲ, ಅದು.”

ಅವಳು ಮಾವನ ಬಗ್ಗೆ ಪಡುತ್ತಿದ್ದ ಕನಿಕರವನ್ನು ಪೂರ್ತಿ ನನಗೆ ವರ್ಗಾಯಿಸಿದಳು. ಅಷ್ಟರಲ್ಲಿ ನಾಯಿ ಮಾವನ ಮುಚ್ಚಿದ ಕಣ್ಣನ್ನೇ ಹುಡುಕಿ ನೆಕ್ಕಿತು. ಮಾವ ಕಣ್ಣು ತೆರೆಯಲೂ ಇಲ್ಲ, ಏಳಲೂ ಇಲ್ಲ. “ಅವರಿಗೆ ಹೇಳ್ರಿ, ಎಡಕ್ಕೆ ಎರಡಿಂಚು ಕಿಂಕ್ ಇದೆ, ಸೊಟ್ಟ” ಎಂದರು. ಹೇಳಿದೆ. ಮತ್ತೇನು ಮಾಡಲಿ? “ಸೀನಿಯರ್ಸ್ ನೀಡ್ ಹಾಬೀಸ್” ಎಂದು ನನ್ನ ಭುಜ ತಟ್ಟಿ ಹೋದಳು. ಹೋಗುವಾಗ ಹಿಂದಿರುಗಿ ನೋಡಿದಳು. ನಾಯಿಯೂ ನೋಡಿತು.

ಗಮನ ಬೇರೆಡೆ ಎಳೆಯಲು ನಾನು ಈ ರೈಲಿನ ಕತೆ ತೆಗೆದೆ. 1873ರಲ್ಲಿ ನಾರ್ದರ್ನ್ ಪೆಸಿಫಿಕ್ ಕಂಪನಿ ಸಿಯಾಟಲ್ ಬಿಟ್ಟು ಟಕೋಮಾವನ್ನು ಕೊನೆಯ ನಿಲ್ದಾಣ ಮಾಡಿಕೊಂಡಿತು. ಸಿಯಾಟಲ್‌ನವರಿಗೆ ಅವಮಾನವಾಗಿ, ನಮ್ಮ ರೈಲು ನಾವೇ ಹಾಕಿಕೊಳ್ಳುತ್ತೇವೆ ಎಂದು 1874ರ ಮೇ 1ರಂದು ಊರಿಗೆ ಊರೇ ಗುದ್ದಲಿ ಹಿಡಿದು ಹೊರಟಿತು. “ಶ್ರಮದಾನದ ಲೈನು! ಅದಕ್ಕೇ ಅಲೈನ್‌ಮೆಂಟ್ ಹಿಂಗಿದೆ” ಎಂದರು ಮಾವ. ರೈಲಿಗೆ ಇಟ್ಟ ಹೆಸರು ಸಿಯಾಟಲ್ ಆ್ಯಂಡ್ ವಾಲಾ ವಾಲಾ. 1878ರಲ್ಲಿ ನ್ಯೂಕ್ಯಾಸಲ್‌ನ ಗಣಿ ಮುಟ್ಟಿತು, ಇನ್ನೂರು ಮೈಲಿಗೂ ಆಚೆಯಿರುವ ವಾಲಾ ವಾಲಾ ಮುಟ್ಟಲೇ ಇಲ್ಲ. ಮಾವ ಮೊದಲ ಬಾರಿಗೆ ಆ ರೈಲಿನ ಪರ ವಹಿಸಿದರು: “ಹುಬ್ಬಳ್ಳಿ-ಅಂಕೋಲಕ್ಕಿಂತ ವಾಸಿ ಬಿಡಿ. ಇಲ್ಲಿ ರೈಲಾದರೂ ಓಡಿತು.”

ಮುಳ್ಳಿನ ವಿಷಯ ಹೇಳಿಬಿಡುತ್ತೇನೆ. ದಾರಿಯ ಎರಡೂ ಬದಿ ಹಬ್ಬಿರುವ ಪೊದೆಯ ಹೆಸರು ಹಿಮಾಲಯನ್ ಬ್ಲ್ಯಾಕ್‌ಬೆರಿ. ಹಿಮಾಲಯಕ್ಕೂ ಇದಕ್ಕೂ ಸಂಬಂಧವಿಲ್ಲ, ಅರ್ಮೇನಿಯಾ-ಇರಾನ್ ಕಡೆಯದು. ಲೂಥರ್ ಬರ್ಬ್ಯಾಂಕ್ ಎಂಬ ಸಸ್ಯತಜ್ಞ 1885ರಲ್ಲಿ ಈ ಹೆಸರಿಟ್ಟು ಅಮೆರಿಕಕ್ಕೆ ಹಂಚಿದ. ಅದೀಗ ಮಾವನ ಮಂಕಿ ಕ್ಯಾಪ್ ಕಿತ್ತುಕೊಂಡಿತು. ಬಿಡಿಸಲು ಹೋದ ಟ್ರಾಲಿಮನ್ನಿನ ಬೆರಳಿಗೂ ಹೊಕ್ಕಿತು. ನಮ್ಮ ದೇಶದ ಹೆಸರಲ್ಲಿ ಇನ್ಯಾರೋ ಚುಚ್ಚಿದರೆ ಉರಿ ಜಾಸ್ತಿ.

ದಾರಿ ಮುಗಿಯುವ ಜಾಗಕ್ಕೆ ರೆಡ್ ಟೌನ್ ಎನ್ನುತ್ತಾರೆ. ಗಣಿ ಕೆಲಸದವರ ಮನೆಗಳಿಗೆ ಕೆಂಪು ಬಣ್ಣ ಬಳಿದಿದ್ದರಂತೆ. ಒಂದು ಮನೆಯೂ ಉಳಿದಿಲ್ಲ, ಬರೀ ಮರಗಳು. ಹತ್ತಿರದಲ್ಲೇ ಫೋರ್ಡ್ ಸ್ಲೋಪ್ ಎಂಬ ಗಣಿಯ ಬಾಯಿ ಮುಚ್ಚಿ ಬೋರ್ಡು ನೆಟ್ಟಿದ್ದಾರೆ. ಬೋರ್ಡಿನಲ್ಲಿ ತಪ್ಪು ಹುಡುಕುತ್ತಾರೆಂದು ಕಾದೆ. ಮಾವ ಹುಡುಕಲಿಲ್ಲ. ಕೋಡುಬಳೆ ಡಬ್ಬಿ ತೆರೆದು ಕೂತು ಎಡಕುಮೇರಿಯ ಮಾತೆತ್ತಿದರು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಆ ಸ್ಟೇಷನ್ನಿಗೆ ರೈಲು ಬಿಟ್ಟರೆ ಬೇರೆ ದಾರಿಯಿಲ್ಲ. 57 ಸುರಂಗಗಳ ಆ ಮಾರ್ಗ 1979ರಲ್ಲಿ ಶುರುವಾದಾಗ ಇವರು ಹೊಸ ಹುಡುಗ. ಮಳೆಗಾಲದ ರಾತ್ರಿ ಲಾಟೀನು ಹಿಡಿದು ಗ್ಯಾಂಗಿನವರ ಜೊತೆ ಗುಡ್ಡ ಕುಸಿದಿದೆಯೇ ಎಂದು ನೋಡುತ್ತಾ ನಡೆಯುವುದು. ನನ್ನ ಹೆಂಡತಿ ಹುಟ್ಟಿದ ಸುದ್ದಿ ಬಂದದ್ದೂ ಗೂಡ್ಸ್ ಗಾಡಿಯ ಗಾರ್ಡಿನ ಬಾಯಲ್ಲಿ. 1996ರಲ್ಲಿ ಬ್ರಾಡ್‌ಗೇಜಿಗೆಂದು ಗಾಡಿ ನಿಲ್ಲಿಸಿದರು. ಪ್ಯಾಸೆಂಜರ್ ಮತ್ತೆ ಓಡಿದ್ದು 2007ಕ್ಕೆ. “ನಡುವೆ ಒಂದ್ಸಲ ಹೋಗಿದ್ದೆ. ನನ್ನ ಕ್ವಾರ್ಟರ್ಸ್ ಒಳಗೆ ಇಷ್ಟೆತ್ತರ ಗಿಡ” ಎಂದು ಕೋಲೆತ್ತಿ ತೋರಿಸಿದರು. ನನಗೂ ಏನೂ ಹೇಳಲು ತೋಚಲಿಲ್ಲ. ಕೋಡುಬಳೆ ತಿಂದೆ.

ಆಮೇಲೆ, ನಿಮ್ಮ ಮಗಳಿಗೆ ಫೋನ್ ಮಾಡುತ್ತೇನೆ, ಕಾರಲ್ಲಿ ಬಂದು ಕರೆದುಕೊಂಡು ಹೋಗಲಿ ಎಂದೆ. ಮಾವ ಗಾಬರಿಯಾಗಿ ಎದ್ದು ನಿಂತರು. “ಅದೆಂಗಾಗುತ್ರೀ? ಅಪ್ ಆಯ್ತು, ಡೌನ್ ಬಾಕಿ ಇದೆ!” ಇರುವುದೇ ಒಂದು ಹಾದಿ, ಅದರಲ್ಲೂ ಹಳಿಯಿಲ್ಲ. ಆದರೂ ಡೌನ್ ಪೂರೈಸಿದೆವು. ತಿರುವಿನಲ್ಲಿ ಮತ್ತೆ ಬಗ್ಗಿ ನೋಡಿದ್ದಾಯಿತು. ಈ ಕಡೆಯಿಂದ ಕಿಂಕ್ ಬಲಕ್ಕಿತ್ತು.

ಈಗ ಕಾಫಿ ಮುಗಿದು ಲ್ಯಾಪ್‌ಟಾಪಿನ ಮುಂದೆ ನನ್ನನ್ನು ಕೂರಿಸಿದ್ದಾರೆ. ಪಾರ್ಕಿನವರಿಗೆ ಡಿಫೆಕ್ಟ್ ಲಿಸ್ಟ್ ಹೋಗಬೇಕಂತೆ. ಚರಂಡಿ, ಇಳಿಜಾರು, ಜಲ್ಲಿ ಎಲ್ಲ ಟೈಪಾಗಿದೆ. ನಾಯಿಗಳನ್ನು ಹಳಿಯ ಮೇಲೆ ಬಿಡುವುದು ಅಪರಾಧವೆಂಬುದೂ ಸೇರಿದೆ. ಕೆಳಗೆ ‘ಕಾಪಿ ಟು’ ಯಾರಿಗೆ ಹಾಕೋಣ, ವಾಲಾ ವಾಲಾದಲ್ಲಿ ಯಾರಾದರೂ ಡಿವಿಜನಲ್ ಎಂಜಿನಿಯರ್ ಇದ್ದಾರಾ ಎಂದು ಕೇಳುತ್ತಿದ್ದಾರೆ.