ಬೆಕ್ಕಿಗೆ ಉಲ್ಲೇಖ ಬೇಕಂತೆ!

"ಈ ವಾಕ್ಯ ಬರೆದೋರು ಯಾರು?" ಅಂದ್ರು. ಕೈ ಎತ್ತಿದೆ. ಎತ್ತಬಾರದಿತ್ತು.

ಭಾನುವಾರದ ವಿಕಿಪೀಡಿಯ ಸಂಪಾದನೋತ್ಸವದ ಕಥೆ ಇದು, ಒಟ್ಟಿಗೆ ಕೂತು ಲೇಖನ ಬರೆದು ತಿದ್ದೋ ಕೂಟ. ಮೂರು ದಿನ ಆಯ್ತು, ಇನ್ನೂ ಹೊಟ್ಟೆ ಉರೀತಿದೆ. ಪ್ರೊಜೆಕ್ಟರ್‌ನಲ್ಲಿ ಮೈಕಲ್ ಜಾಕ್ಸನ್ ಹಾಡು 'ಬಿಲ್ಲಿ ಜೀನ್' ಬಗ್ಗೆ ನನ್ನ ಲೇಖನ, ಗೋಡೆ ತುಂಬ. ಮೌಲ್ಯಮಾಪನಕ್ಕೆ ಕೂತ ಹಿರಿಯರು ಮೌಸ್ ಬಾಣವನ್ನ ಒಂದೇ ಸಾಲಿನ ಸುತ್ತ ಗಿರಿಗಿರಿ ತಿರುಗಿಸ್ತಾ ಇದ್ರು. ಸಾಲು ಇಷ್ಟೇ: 'ಮೊದಲು ಡ್ರಮ್ ಮಾತ್ರ, ಆಮೇಲೆ ರಾತ್ರಿ ಅಡುಗೆಮನೆಗೆ ನುಗ್ಗುವ ಬೆಕ್ಕಿನಂತೆ ಸದ್ದಿಲ್ಲದೆ ಬಾಸ್ ಗಿಟಾರ್ ಬರುತ್ತದೆ.' ಗಟ್ಟಿಯಾಗಿ ಓದಿದ್ರು. 'ಬೆಕ್ಕಿನಂತೆ' ಅನ್ನೋ ಕಡೆ ನಿಲ್ಲಿಸಿ, ಕನ್ನಡಕ ಮೇಲೆತ್ತಿ, ಇನ್ನೊಂದು ಸಲ ಓದಿದ್ರು. ಹಿಂದೆ ಯಾರೋ ಕಿಸಕ್ಕಂದ್ರು. "ಬೆಕ್ಕು ಅಂತ ಯಾವ ವಿಮರ್ಶಕರು ಹೇಳಿದಾರೆ? ಉಲ್ಲೇಖ ಎಲ್ಲಿ?"

"ನನಗೇ ಹಾಗನ್ನಿಸ್ತು ಸಾರ್" ಅಂದೆ. ಥೂ! ಹೋಂವರ್ಕ್ ಮಾಡದ ಹುಡುಗನ ದನಿ. ನನಗೆ ನಲವತ್ತಾರು ವರ್ಷ. ಸದ್ದಿಲ್ಲದೆ ಬರೋ ಗಿಟಾರ್ ಅಂತೆ, ಅದನ್ನ ಬೇರೆ ಬರೆದಿದೀನಿ ಮಹಾನುಭಾವ.

ಅವರು ಮೆಚ್ಚಿದ್ದೇನು ಗೊತ್ತಾ? ಯಾವ ದೇಶದಲ್ಲಿ ಎಷ್ಟನೇ ಸ್ಥಾನ ಅನ್ನೋ ಕೋಷ್ಟಕ. "ಇದು ಅಚ್ಚುಕಟ್ಟು." ಸ್ವಾಮಿ, ಅದು ಇಂಗ್ಲಿಷ್ ಲೇಖನದಿಂದ ಎತ್ತಿ ಅಂಟಿಸಿದ್ದು! ಹತ್ತು ನಿಮಿಷದ ಕೆಲಸ. ಹಾಡಿನ ಶುರು ತೀರಾ ಉದ್ದ ಆಯ್ತು, ಕತ್ತರಿಸು ಅಂತ ನಿರ್ಮಾಪಕ ಕ್ವಿನ್ಸಿ ಜೋನ್ಸ್ ಹಟ ಹಿಡಿದದ್ದು, ನನಗೆ ಕುಣಿಯೋಣ ಅನ್ನಿಸೋದೇ ಅದರಿಂದ ಅಂತ ಮೈಕಲ್ ಜಾಕ್ಸನ್ ಬಿಡದೇ ಇದ್ದದ್ದು, ಸೌಂಡ್ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ 91 ಸಲ ಮಿಕ್ಸ್ ಮಾಡಿ ಕೊನೆಗೆ ಎರಡನೆಯದನ್ನೇ ಉಳಿಸಿಕೊಂಡದ್ದು, ಎಲ್ಲಾ ಉಲ್ಲೇಖ ಸಮೇತ ಬರೆದಿದ್ದೆ. "ಇವೆಲ್ಲ ಸ್ವಾರಸ್ಯ, ಕಡಿಮೆ ಮಾಡಿ." 1983ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಹಾಟ್ 100ರಲ್ಲಿ ಏಳು ವಾರ ಮೊದಲ ಸ್ಥಾನ ಅನ್ನೋದು ಮಾತ್ರ ಮೇಲಕ್ಕೆ ಹೋಗಬೇಕಂತೆ. ಕೊನೆಗೆ ಷರಾ: ಉತ್ತಮ ಲೇಖನ ದರ್ಜೆಗೆ ಸದ್ಯಕ್ಕೆ ಅರ್ಹವಲ್ಲ.

"ಸಾರ್, ನೀವು ಹಾಡು ಕೇಳಿದೀರಾ?" ಅಂತ ಕೇಳಬೇಕಿತ್ತು. ಕೇಳಿದೆ, ವಾಪಸ್ ಬರುವಾಗ ಬಸ್ಸಿನಲ್ಲಿ, ಮನಸ್ಸಲ್ಲೇ, ಐದಾರು ಸಲ. ಪ್ರತಿ ಸಲವೂ ನಾನೇ ಗೆದ್ದೆ.

ಹೋಗ್ಲಿ ಬಿಡಿ. ಅವರು ಹೇಳಿದ್ದು ಸರಿಯೇ. ಸ್ವಂತ ಸಂಶೋಧನೆ, ಅಂದ್ರೆ ಮೂಲ ತೋರಿಸದೆ ತಾನೇ ಹೇಳೋದು, ಕೂಡದು ಅಂತ ಹೊಸಬರಿಗೆ ಪಾಠ ಹೇಳೋನು ನಾನೇ. ಹೋದ ವರ್ಷ ಒಬ್ಬ ಹುಡುಗ ಬರೆದ 'ಮಧುರವಾದ ರಾಗ'ದ ಮುಂದೆ 'ಉಲ್ಲೇಖದ ಅಗತ್ಯವಿದೆ' ಅಂತ ಜಡಿದವನೂ ನಾನೇ. ಅವನು ಆಮೇಲೆ ಈ ಕಡೆ ತಲೆ ಹಾಕಿಲ್ಲ.

ಬಿಡೋದೇನು ಬಿಡೋದು! ಹಾಡನ್ನ ಒಂದು ಸಲವೂ ಕೇಳದೆ ಹಾಡಿನ ಬಗ್ಗೆ ಉತ್ತಮ ಲೇಖನ ಬರೀಬಹುದು ಅಂತಾಯ್ತಲ್ಲ? ಯಾರಾದ್ರೂ ಉತ್ತರ ಹೇಳಿ. ನಿಯಮದ ಪುಟದ ಕೊಂಡಿ ಕಳಿಸಬೇಡಿ, ಅದು ಬಾಯಿಪಾಠ ಇದೆ.

ನಿನ್ನೆ ರಾತ್ರಿ ಬೆಕ್ಕನ್ನ ಅಳಿಸಿದೆ. 'ಎರಡು ಬಾರ್ (ತಾಳದ ಎರಡು ಆವರ್ತ) ಡ್ರಮ್ ಆದ ಮೇಲೆ ಬಾಸ್ ಆರಂಭವಾಗುತ್ತದೆ' ಅಂತ ಬರೆದೆ. ಬೆಳಿಗ್ಗೆ ನೋಡಿದ್ರೆ ಅದರ ಮುಂದೂ 'ಉಲ್ಲೇಖದ ಅಗತ್ಯವಿದೆ'. ಎಣಿಸಿದ್ದು ನಾನೇ ಕಣ್ರೀ, ಬೆರಳಲ್ಲಿ. ನಿಮ್ಮ ಹತ್ರ ಯಾವುದಾದ್ರೂ ಪುಸ್ತಕದಲ್ಲಿ ಇದು ಇದ್ರೆ ಪುಟ ಸಂಖ್ಯೆ ಹಾಕಿ.