ಟೆಂಡರ್ ಆದ ಮೇಲೆ ರೈತನನ್ನು ಏನಂತ ಕೇಳ್ತೀರಿ?

ಉಡುಪಿ–ಕಾಸರಗೋಡು 400 ಕೆವಿ (ಕಿಲೋವೋಲ್ಟ್) ವಿದ್ಯುತ್ ಲೈನಿಗೆ ಕರಾವಳಿಯ ಕೃಷಿಕರು ವರ್ಷಗಟ್ಟಲೆ ವಿರೋಧ ಮಾಡಿದಾಗ ಸಿಟಿಯಲ್ಲಿ ಕೂತವರು ಹೇಳಿದ್ದು ಒಂದೇ ಮಾತು: "ಕರೆಂಟ್ ಬೇಕು, ಟವರ್ ಬೇಡ ಅಂದ್ರೆ ಹೇಗೆ?" ಹೇಳೋದು ಸುಲಭ. ತೋಟ ಅವರದ್ದಲ್ವಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ. 400 ಕೆವಿ ಲೈನಿಗೆ 46 ಮೀಟರ್ ಅಗಲದ ಕಾರಿಡಾರ್, ಅಂದರೆ ತಂತಿ ಹಾದು ಹೋಗುವ ಪಟ್ಟಿ, ಬೇಕು. ತೋಟದೊಳಗೆ 90 ಮೀಟರ್ ಹಾದು ಹೋದರೆ ಒಂದು ಎಕರೆ ಹೋಯಿತು. ಒಂಬತ್ತು ಅಡಿಗೊಂದು ನೆಟ್ಟ ಅಡಿಕೆಯಾದರೆ ಸುಮಾರು 540 ಮರ. ಪಹಣಿಯಲ್ಲಿ ಹೆಸರು ರೈತನದ್ದೇ ಇರುತ್ತದೆ, ಬ್ಯಾಂಕ್ ಸಾಲವೂ ಅವನದ್ದೇ. ಆದರೆ ತಂತಿಯ ಕೆಳಗೆ ಅಡಿಕೆ, ತೆಂಗು ಬೆಳೆಸುವ ಹಾಗಿಲ್ಲ.

ಮೊದಲೇ ಕೇಳಬೇಕು ಅಂತ ಕಾನೂನಿನಲ್ಲಿ ಇಲ್ವಾ? ಇದೆ. 2003ರ ವಿದ್ಯುತ್ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಕೇಂದ್ರ ವಿದ್ಯುತ್ ಪ್ರಾಧಿಕಾರ ರಾಷ್ಟ್ರೀಯ ವಿದ್ಯುತ್ ಯೋಜನೆಯ ಕರಡು ಪ್ರಕಟಿಸಿ ಜನರಿಂದಲೂ ಆಕ್ಷೇಪ, ಸಲಹೆ ಕರೆಯಬೇಕು. 2032ರವರೆಗಿನ ಲೈನುಗಳ ಯೋಜನೆ 2024ರಲ್ಲಿ ಹೊರಬಂತು. ಒಂಬತ್ತು ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ ಖರ್ಚಿನದು. ಇಂಥ ಯೋಜನೆಯಲ್ಲಿ ಈ ಸಬ್‌ಸ್ಟೇಷನ್‌ನಿಂದ ಆ ಸಬ್‌ಸ್ಟೇಷನ್‌ಗೆ ಅಂತ ಇರುತ್ತದೆ. ನಡುವೆ ಯಾರ ತೋಟ ಅಂತ ಇರೋದಿಲ್ಲ. ಬಂಟ್ವಾಳದ ಕೃಷಿಕ ಯಾವುದಕ್ಕೆ ಅಂತ ಆಕ್ಷೇಪ ಬರೆಯಬೇಕು?

ಊರಿಗೆ ಸುದ್ದಿ ಮುಟ್ಟೋದು ಸರ್ವೆಯವರು ಬಂದ ದಿನ. ಅಷ್ಟರಲ್ಲಿ ಟೆಂಡರ್ ಮುಗಿದಿರುತ್ತದೆ. ಆಮೇಲೆ ಅದೇ ಕಾಯ್ದೆಯ 164ನೇ ಸೆಕ್ಷನ್ ಬರುತ್ತದೆ. 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ಲೈನ್ ಎಳೆಯುವವರ ಕೈಗೆ ಕೊಡೋದು ಇದೇ. ಭೂಸ್ವಾಧೀನ ಬೇಕಿಲ್ಲ, ನಷ್ಟಕ್ಕೆ ಪರಿಹಾರ ಕೊಟ್ಟರಾಯಿತು. ರೈತ ತಡೆದರೆ ಡೀಸಿ ಆದೇಶ. ಬ್ರಿಟಿಷರು ತಂತಿ ಸುದ್ದಿ ಕಳಿಸಲು ಮಾಡಿಕೊಂಡ ಕಾನೂನು ಇದು!

ಪರಿಹಾರ ಏರಿದೆ, ಇಲ್ಲ ಅನ್ನಲ್ಲ. 2015ರ ಕೇಂದ್ರದ ಮಾರ್ಗಸೂಚಿಯಲ್ಲಿ ಟವರ್ ಜಾಗಕ್ಕೆ ಭೂಮಿ ಬೆಲೆಯ ಶೇ 85, ಕಾರಿಡಾರ್‌ಗೆ ಹೆಚ್ಚೆಂದರೆ ಶೇ 15 ಇತ್ತು. 2024ರ ಜೂನ್‌ನಲ್ಲಿ ಅದು 200 ಮತ್ತು 30 ಆಯಿತು. ಆದರೆ ಲೈನ್ ಇಲ್ಲೇ ಯಾಕೆ, ಗುಡ್ಡದ ಆಚೆ ಬದಿಯಲ್ಲಿ ಯಾಕಲ್ಲ ಅನ್ನೋ ಪ್ರಶ್ನೆಗೆ ದುಡ್ಡು ಉತ್ತರ ಅಲ್ಲ.

ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್‌ನಲ್ಲಿ ಬೇರೆ ದಾರಿ ಹಿಡಿದರು. ಸುಮಾರು 13,000 ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಕೈಕೊಡುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಆದರೆ ಗುತ್ತಿಗೆ ಹಣ ಸಿಕ್ಕಿದ್ದು ಪಹಣಿ ಇದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರು, ಕುರಿ ಮೇಯಿಸುತ್ತಿದ್ದವರು ಲೆಕ್ಕಕ್ಕೇ ಬರಲಿಲ್ಲ.

ಕರೆಂಟ್ ದರ ಏರಿಸುವ ಮೊದಲು ಕೆಇಆರ್‌ಸಿ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ಬಹಿರಂಗ ಅಹವಾಲು ಸಭೆ ಕರೆಯುತ್ತದೆ. ಯೂನಿಟ್‌ಗೆ ಹತ್ತಿಪ್ಪತ್ತು ಪೈಸೆಗೆ ಇಷ್ಟು ಕೇಳುವವರು ದಶಕಗಟ್ಟಲೆ ನಿಲ್ಲುವ ಲೈನಿಗೆ ಯಾಕೆ ಕೇಳಬಾರದು? ತಡ ಆಗುತ್ತೆ ಅಂತಾರೆ. ಈಗೇನು ಬೇಗ ಆಗ್ತಿದೆಯಾ?

ಟೆಂಡರ್‌ಗೆ ಮೊದಲು ಎರಡು ಮೂರು ದಾರಿ ಗುರುತಿಸಿ, ಸರ್ವೆ ನಂಬರ್ ಸಮೇತ, ಕನ್ನಡದಲ್ಲಿ ಗ್ರಾಮಸಭೆಗೆ ತನ್ನಿ. ಜಗಳ ಆಗುತ್ತೆ, ಆಗಲಿ. ಆ ಸಭೆಯ ನಡಾವಳಿಯನ್ನು ಟೆಂಡರ್ ದಾಖಲೆಗೆ ಲಗತ್ತಿಸಿ. ಪಹಣಿ ಇಲ್ಲದವರು ಏನು ಹೇಳಿದರು ಅನ್ನೋದೂ ಅದರಲ್ಲಿರಲಿ.