ಸ್ಪಷ್ಟನೆ: ಒಂದೇ ವಿನ್ಯೆಟ್ ಇಡೀ ಯುರೋಪಿಗೆ ಸಲ್ಲುವುದಿಲ್ಲ

‘ಆಸ್ಟ್ರಿಯಾದಲ್ಲಿ ಹೆದ್ದಾರಿ ವಿನ್ಯೆಟ್ (ನಿಗದಿತ ಅವಧಿಗೆ ಹೆದ್ದಾರಿ ಬಳಸಲು ಮೊದಲೇ ಹಣ ಕೊಟ್ಟು ಪಡೆಯುವ ಪರವಾನಗಿ) ಕೊಂಡರೆ ಸಾಕು, ಅಕ್ಕಪಕ್ಕದ ದೇಶಗಳಲ್ಲೂ ಕ್ಯಾರವಾನ್ (ಕಾರಿನ ಹಿಂದೆ ಕಟ್ಟುವ ಮನೆಗಾಡಿ) ಎಳೆದುಕೊಂಡು ಓಡಾಡಬಹುದು’ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ವಿನ್ಯೆಟ್ ಕೊಟ್ಟ ದೇಶದ ಗಡಿಯೊಳಗೆ ಮಾತ್ರ ಅದಕ್ಕೆ ಬೆಲೆ.

ಹೆಚ್ಚು ಜನ ಎಡವುವುದು ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿನ ಕಸ್ಟಮ್ಸ್ ಇಲಾಖೆಯ ನಿಯಮದಂತೆ 3.5 ಟನ್ ವರೆಗಿನ ಕಾರಿಗೊಂದು, ಅದರ ಹಿಂದಿನ ಕ್ಯಾರವಾನ್‌ಗೆ ಮತ್ತೊಂದು ವಿನ್ಯೆಟ್ ಬೇಕು. ಒಂದಕ್ಕೆ 40 ಫ್ರಾಂಕ್. ಎರಡು ದಿನ ಇದ್ದರೂ ವರ್ಷದ್ದನ್ನೇ ಕೊಳ್ಳಬೇಕು. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಮೇಲೆ ವಿನ್ಯೆಟ್‌ನ ಹಣ.

ಆಸ್ಟ್ರಿಯಾದಲ್ಲಿ ಎಳೆಯುವ ಕಾರು 3.5 ಟನ್ ಮಿತಿಯಲ್ಲಿದ್ದರೆ ಕ್ಯಾರವಾನ್‌ಗೆ ಪ್ರತ್ಯೇಕ ವಿನ್ಯೆಟ್ ಬೇಡ. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಆದರೆ ಅಲ್ಲಿಂದ ಇಟಲಿಯತ್ತ ಹೋಗುವ ಬ್ರೆನ್ನರ್ ಹೆದ್ದಾರಿಗೆ ಬೇರೆಯೇ ಸುಂಕವಿದೆ. ಫ್ರಾನ್ಸ್, ಇಟಲಿಗಳ ಬಹುತೇಕ ಹೆದ್ದಾರಿಗಳಲ್ಲಿ ಕ್ರಮಿಸಿದ ದೂರಕ್ಕೆ ತಕ್ಕಂತೆ ಟೋಲ್. ಕ್ಯಾರವಾನ್ ಜೋಡಿಸಿದರೆ ಸಾಮಾನ್ಯವಾಗಿ ದರ ಏರುತ್ತದೆ. ಜರ್ಮನಿಯಲ್ಲಿ ಕಾರು, ಕ್ಯಾರವಾನ್‌ಗಳಿಗೆ ಹೆದ್ದಾರಿ ಸುಂಕವೇ ಇಲ್ಲ, ಪುಣ್ಯಕ್ಕೆ.

ಮೊದಲ ಬಾರಿ ಹೊರಟವರು ಪ್ರತಿ ದೇಶದ ಅಧಿಕೃತ ಜಾಲತಾಣದಲ್ಲೇ ದರ ನೋಡಿ. ಆ ಹಳೆಯ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.